ಟೊಮ್ಯಾಟೊ ಸಾಸ್‌ಗೆ ವಿನೆಗರ್ ಯಾಕೆ?



ಧರ್ಮಪುರಿ ಜಿಲ್ಲೆಯ ಪಾಲಕ್ಕೋಡು ಟೊಮ್ಯಾಟೊ ಮಾರುಕಟ್ಟೆಯ ಹೆಸರು ಕೇಳಿದ್ದೀರಲ್ಲ? ಬೆಳೆ ಜಾಸ್ತಿ ಬಂದು ಬೆಲೆ ಕುಸಿದಾಗ, ಕೊಯ್ಯುವ ಕೂಲಿಯೂ ಹುಟ್ಟೋದಿಲ್ಲ ಅಂತ ರೈತರು ಹಣ್ಣನ್ನು ಹೊಲದಲ್ಲೇ ಬಿಟ್ಟುಬಿಡ್ತಾರೆ. ಅಂಥ ದಿನಗಳಲ್ಲಿ ತಾರಮಂಗಲಂನ ನಮ್ಮ ಮನೆಗಳಲ್ಲೂ ಟೊಮ್ಯಾಟೊ ಅಗ್ಗ. ಆ ಹಣ್ಣನ್ನು ಕೆಡದ ಹಾಗೆ ಇಡೋದು ಹೇಗೆ? ಒಂದು ದಾರಿ ಸಾಸ್.

ಕೆಂಡದ ಮೇಲೆ ಸುಟ್ಟ ತಿನಿಸಿಗೆ ಹಚ್ಚುವ ಸಾಸ್‌ಗೆ ಬಾರ್ಬೆಕ್ಯೂ ಸಾಸ್ ಅಂತಾರೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಪೂರ್ವ ಭಾಗದಲ್ಲಿ ಅದಕ್ಕೆ ಟೊಮ್ಯಾಟೊ ಹಾಕೋದಿಲ್ಲ; ವಿನೆಗರ್, ಮೆಣಸಿನಕಾಯಿ, ಉಪ್ಪೇ ಮುಖ್ಯ. ನಾವು ನಮ್ಮ ಟೊಮ್ಯಾಟೊ, ಬೆಲ್ಲ ಸೇರಿಸೋಣ. ಸುಟ್ಟ ಜೋಳದ ತೆನೆಗೆ ಹಚ್ಚಿದರೆ ಬಲು ರುಚಿ.

ಬೇಕಾದವು: ಹಣ್ಣಾದ ಟೊಮ್ಯಾಟೊ 1 ಕಿಲೋ, ಬೆಲ್ಲ 75 ಗ್ರಾಂ, ಉಪ್ಪು 3 ಚಿಕ್ಕ ಚಮಚ, ಖಾರದ ಪುಡಿ 1 ಚಿಕ್ಕ ಚಮಚ, ಬೆಳ್ಳುಳ್ಳಿ 4 ಎಸಳು, ಅಡುಗೆಯ ವಿನೆಗರ್ (ಶೇ. 4ರಷ್ಟು ಆಮ್ಲ ಇರುವುದು) 100 ಮಿ.ಲೀ.

ಮಾಡುವ ವಿಧಾನ: ಅಮ್ಮನೋ ಅಪ್ಪನೋ ಜೊತೆಗಿರಲಿ. ಸ್ಟೀಲ್ ಪಾತ್ರೆ ತಗೊಳ್ಳಿ. ಅಲ್ಯುಮಿನಿಯಂ ಬೇಡ, ಆಮ್ಲ ಅದರ ಜೊತೆ ವರ್ತಿಸುತ್ತದೆ. ಟೊಮ್ಯಾಟೊ, ಬೆಳ್ಳುಳ್ಳಿ ಬೇಯಿಸಿ, ಅರೆದು ಸೋಸಿ. ಬೆಲ್ಲ, ಉಪ್ಪು, ಖಾರ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ. ವಿನೆಗರ್ ಕೊನೆಗೆ ಹಾಕಿ ಎರಡು ಮೂರು ನಿಮಿಷ ಮಾತ್ರ ಕುದಿಸಿ. ಮೊದಲೇ ಹಾಕಿದರೆ ಆವಿಯ ಜೊತೆ ಆಮ್ಲವೂ ಹೊರಟುಹೋಗುತ್ತದೆ. ನೀರಲ್ಲಿ 10 ನಿಮಿಷ ಕುದಿಸಿ ಒಣಗಿಸಿದ ಗಾಜಿನ ಬಾಟಲಿಗೆ ತುಂಬಿ.

ಈಗ ವಿಜ್ಞಾನ ನೋಡೋಣ. ಟೊಮ್ಯಾಟೊದ ಪಿಎಚ್ ಸಾಮಾನ್ಯವಾಗಿ 4.2ರಿಂದ 4.6, ಚೆನ್ನಾಗಿ ಹಣ್ಣಾದರೆ ಇನ್ನೂ ಮೇಲೆ ಹೋಗಬಹುದು. ಕ್ಲಾಸ್ಟ್ರಿಡಿಯಂ ಬಾಟುಲಿನಂ ಎಂಬ ವಿಷಕಾರಿ ಬ್ಯಾಕ್ಟೀರಿಯಾ ಪಿಎಚ್ 4.6ಕ್ಕಿಂತ ಕೆಳಗೆ ಬೆಳೆಯೋದಿಲ್ಲ. ಅಂದರೆ ಬರೀ ಟೊಮ್ಯಾಟೊ ಗಡಿಯಲ್ಲೇ ನಿಂತಿದೆ. ವಿನೆಗರ್ ಅದನ್ನು ಗಡಿಯಿಂದ ಕೆಳಕ್ಕೆ ಇಳಿಸುತ್ತದೆ.

ಇಲ್ಲೊಂದು ಸೋಜಿಗ. ವಿನೆಗರ್‌ನಲ್ಲಿರುವ ಅಸಿಟಿಕ್ ಆಮ್ಲ ದುರ್ಬಲ ಆಮ್ಲ ಅಂತ ಓದಿದ್ದೀರಿ. ಸೂಕ್ಷ್ಮಜೀವಿಗಳ ಮುಂದೆ ಆ ದುರ್ಬಲತೆಯೇ ಅದರ ಬಲ! ಪಿಎಚ್ 4ರಲ್ಲಿ ಅದರ 100 ಅಣುಗಳಲ್ಲಿ ಸುಮಾರು 85 ಅಯಾನುಗಳಾಗಿ ಒಡೆಯದೆ ಇಡಿಯಾಗೇ ಇರುತ್ತವೆ. ವಿದ್ಯುದಾವೇಶ ಇಲ್ಲದ ಈ ಅಣುಗಳು ಬ್ಯಾಕ್ಟೀರಿಯಾದ ಕೋಶಪೊರೆಯನ್ನು ಸುಲಭವಾಗಿ ದಾಟುತ್ತವೆ. ಒಳಗೆ ಪಿಎಚ್ ಹೆಚ್ಚು, ಹಾಗಾಗಿ ಅಲ್ಲಿ ಹೋಗಿ ಒಡೆದು ಹೈಡ್ರೋಜನ್ ಅಯಾನು ಬಿಡುತ್ತವೆ. ಅದನ್ನು ಹೊರಗೆ ತಳ್ಳೋದರಲ್ಲೇ ಜೀವಿಯ ಶಕ್ತಿಯೆಲ್ಲ ಖರ್ಚು; ಬೆಳವಣಿಗೆ ನಿಲ್ಲುತ್ತದೆ.

ಮಾಡಿ ನೋಡಿ: ಕೆಂಪು ದಾಸವಾಳದ ಎಸಳುಗಳನ್ನು ಬಿಸಿನೀರಲ್ಲಿ ನೆನೆಸಿ. ಆ ನೀರಿಗೆ ಒಂದು ಲೋಟದಲ್ಲಿ ವಿನೆಗರ್, ಇನ್ನೊಂದರಲ್ಲಿ ಸೋಪಿನ ನೀರು ಹಾಕಿ. ಮೊದಲನೆಯದು ಗಾಢ ಗುಲಾಬಿ, ಎರಡನೆಯದು ಹಸಿರು. ಆಮ್ಲ ಯಾವುದು, ಪ್ರತ್ಯಾಮ್ಲ ಯಾವುದು ಹೇಳಿ ನೋಡೋಣ!

ಎಚ್ಚರಿಕೆ: ಅಂಗಡಿಯಲ್ಲಿ ಸಿಗುವ ಗಾಢ ಅಸಿಟಿಕ್ ಆಮ್ಲವನ್ನು ಅಡುಗೆಗೆ ಬಳಸಲೇಬೇಡಿ, ಚರ್ಮ ಸುಡುತ್ತದೆ. ಸಾಸನ್ನು ಫ್ರಿಜ್‌ನಲ್ಲಿಟ್ಟು ಎರಡು ವಾರದಲ್ಲಿ ಮುಗಿಸಿ. ಫ್ರಿಜ್ ಇಲ್ಲದಿದ್ದರೆ ಸ್ವಲ್ಪವೇ ಮಾಡಿ, ಒಂದೆರಡು ದಿನದಲ್ಲಿ ತಿಂದುಬಿಡಿ. ಬೂಷ್ಟು ಬಂದರೆ, ಗುಳ್ಳೆ ಎದ್ದರೆ ರುಚಿ ನೋಡಬೇಡಿ, ಚೆಲ್ಲಿಬಿಡಿ.

ಯೋಚಿಸಿ: ನಿಮ್ಮ ಮನೆಯ ಉಪ್ಪಿನಕಾಯಿಗೆ ವಿನೆಗರ್ ಹಾಕೋದಿಲ್ಲ. ಆದರೂ ಅದು ತಿಂಗಳುಗಟ್ಟಲೆ ಯಾಕೆ ಕೆಡೋದಿಲ್ಲ? ಅಜ್ಜಿಯನ್ನು ಕೇಳಿ, ಉತ್ತರ ಬರೆದು ತನ್ನಿ.