ಸೈಟು ಮಾರಿದ ದುಡ್ಡಿನ ಮೂರನೇ ಪಾಲು

ದಾವಣಗೆರೆಯ ಸೈಟು ಮಾರಿದ್ದಕ್ಕೆ ನಮ್ಮ ಮನೆಯಲ್ಲಿ ಇವತ್ತಿಗೂ ಪೂರ್ತಿ ಒಪ್ಪಿಗೆ ಇಲ್ಲ. ‘ಬಂಗಾರ ಅಡ ಇಡಬಹುದಿತ್ತು, ಸಾಲ ತಗೋಬಹುದಿತ್ತು, ಮಗಳಿಗೆ ಅಂತ ಇದ್ದದ್ದು ಅದೊಂದೇ’ ಎಂದು ನಮ್ಮತ್ತೆ ಹಬ್ಬಕ್ಕೆ ಬಂದಾಗ ಹೇಳುತ್ತಾರೆ. ಮಾರಲೇಬೇಕೆಂದು ಹಟ ಹಿಡಿದವಳು ನಾನು. ನನ್ನ ಅಂಗಾಲಿನಲ್ಲಿ ಆಣಿಯಂತೆ ಕಾಣುತ್ತಿದ್ದ ಕಪ್ಪು ಮಚ್ಚೆ ಮೆಲನೋಮಾ ಎಂದು ಬಯಾಪ್ಸಿಯಲ್ಲಿ ಬಂತು. ತೊಡೆಸಂದಿನ ಗಂಟುಗಳಿಗೂ ಶ್ವಾಸಕೋಶಕ್ಕೂ ಹರಡಿರುವುದು ಪೆಟ್ ಸಿಟಿಯಲ್ಲಿ ಕಂಡಿತು. ಬೆಂಗಳೂರಿನ ಡಾಕ್ಟರು ಇಮ್ಯುನೋಥೆರಪಿಯ ಎಸ್ಟಿಮೇಟ್ ಕೊಟ್ಟರು. ಅದನ್ನು ಓದಿ ಮುಗಿಸಿ ನಾನು ಮೊದಲು ಫೋನ್ ಮಾಡಿದ್ದು ಬ್ರೋಕರ್‌ಗೆ.

ಸಾಲಕ್ಕೆ ಕೊನೆಯ ಕಂತು ಯಾವ ತಿಂಗಳು ಎಂದು ಮೊದಲೇ ಗೊತ್ತಿರುತ್ತದೆ. ಈ ಚಿಕಿತ್ಸೆಯ ಕೊನೆ ಯಾವಾಗ ಎಂದು ಯಾರೂ ಬರೆದುಕೊಡುವುದಿಲ್ಲ. ರೋಗ ಜಗ್ಗದಿದ್ದರೆ ಮೂರು ತಿಂಗಳಿಗೇ ನಿಲ್ಲಬಹುದು, ಜಗ್ಗಿದರೆ ಎರಡು ವರ್ಷ ನಡೆಯಬಹುದು. ನಾನು ಕೆಲಸ ಬಿಟ್ಟಾಗಿತ್ತು. ನಮ್ಮವರೊಬ್ಬರ ಸಂಬಳದಲ್ಲಿ ಇಎಂಐ ಕಟ್ಟುತ್ತ, ಒಂದು ಕಂತು ತಪ್ಪಿದರೆ ಡ್ರಿಪ್ಪೋ ಬ್ಯಾಂಕೋ ಎಂದು ಯೋಚಿಸುವ ಸ್ಥಿತಿ ನನಗೆ ಬೇಡವಾಗಿತ್ತು. ಬಾಡಿಗೆ ತಾರದೆ ವರ್ಷವರ್ಷ ಕಂದಾಯ ತಿನ್ನುವ ಸೈಟು ಇರುವುದೇ ಇಂಥ ದಿನಕ್ಕೆ.

ಮಾರುವವರು ತೆರಿಗೆಯ ಪಾಲನ್ನು ಮೊದಲೇ ಬದಿಗಿಡಿ. ಎರಡು ವರ್ಷ ದಾಟಿದ ಸೈಟಿನ ಲಾಭಕ್ಕೆ 12.5%. 2024ರ ಜುಲೈ 23ಕ್ಕಿಂತ ಮೊದಲು ಕೊಂಡದ್ದಾದರೆ ಇಂಡೆಕ್ಸೇಶನ್ ಸಹಿತ 20% ಲೆಕ್ಕವನ್ನೂ ಹಾಕಿಸಿ, ಯಾವುದು ಕಡಿಮೆಯೋ ಅದನ್ನು ಕಟ್ಟಿ. 80ಡಿಡಿಬಿ ಎಂದೇ ಜನ ಕರೆಯುವ, ಚಿಕಿತ್ಸೆಯ ಖರ್ಚಿಗೆ ಸಿಗುವ ತೆರಿಗೆ ವಿನಾಯಿತಿ ಹೆಚ್ಚೆಂದರೆ 40,000 ರೂಪಾಯಿ, ಅರವತ್ತು ದಾಟಿದವರಿಗೆ 1 ಲಕ್ಷ, ಅದೂ ಹಳೆಯ ಪದ್ಧತಿಯಲ್ಲಿ ಇದ್ದವರಿಗೆ ಮಾತ್ರ. ಇದನ್ನು ನಂಬಿ ಯಾವ ಯೋಜನೆಯನ್ನೂ ಹಾಕಬೇಡಿ.

ಇನ್ನು ವಯಲ್, ಅಂದರೆ ಔಷಧಿ ಸೀಸೆಯ ಲೆಕ್ಕ. ಇದನ್ನು ನಿಧಾನವಾಗಿ ಓದಿ, ಪೆನ್ನು ಹಿಡಿದುಕೊಂಡೇ ಓದಿ. ನನಗೆ ಬರೆದದ್ದು ಪೆಂಬ್ರೊಲಿಜುಮ್ಯಾಬ್. ಒಂದು ವಯಲ್‌ನಲ್ಲಿ 100 ಮಿ.ಗ್ರಾಂ. ಬೆಲೆ ಅಂಗಡಿಯಿಂದ ಅಂಗಡಿಗೆ, ಸ್ಕೀಮಿನಿಂದ ಸ್ಕೀಮಿಗೆ ಬದಲಾಗುತ್ತದೆ, ಲೆಕ್ಕಕ್ಕೆ ಸುಲಭವಾಗಲಿ ಎಂದು 2 ಲಕ್ಷ ಅಂದುಕೊಳ್ಳೋಣ. ಎಲ್ಲರಿಗೂ ಒಂದೇ ಎಂದು ಬರೆಯುವ ಡೋಸು ಮೂರು ವಾರಕ್ಕೊಮ್ಮೆ 200 ಮಿ.ಗ್ರಾಂ. ವರ್ಷಕ್ಕೆ ಸುಮಾರು 17 ಸಲ, 34 ವಯಲ್, 68 ಲಕ್ಷ. ಆದರೆ 2014ರಲ್ಲಿ ಅಮೆರಿಕದಲ್ಲಿ ಮೆಲನೋಮಾಗೆ ಈ ಔಷಧಿಗೆ ಮೊದಲ ಒಪ್ಪಿಗೆ ಸಿಕ್ಕಿದ್ದು ತೂಕದ ಮೇಲೆ, ಕೆಜಿಗೆ 2 ಮಿ.ಗ್ರಾಂನಂತೆ. 100 ಕೆಜಿ ತೂಗುವವರಿಗೆ ಎರಡೂ ಲೆಕ್ಕ ಒಂದೇ. ನಾನು 54 ಕೆಜಿ. ನನಗೆ ಬೇಕಾದದ್ದು 108 ಮಿ.ಗ್ರಾಂ. ಒಂದು ವಯಲ್ ಮುಗಿದು ಇನ್ನೂ 8 ಮಿ.ಗ್ರಾಂ ಬೇಕು. ಆ 8 ಮಿ.ಗ್ರಾಂನ ಬೆಲೆ 16,000, ಅದಕ್ಕಾಗಿ ಒಡೆಯುವ ವಯಲ್ಲಿಗೆ 2 ಲಕ್ಷ. ಉಳಿದ 92 ಮಿ.ಗ್ರಾಂ ಕಸಕ್ಕೆ. ಕ್ಯಾನ್ಸರ್ ಔಷಧಿಗಳಲ್ಲಿ ಶೇಕಡ ಹತ್ತರೊಳಗಿನ ವ್ಯತ್ಯಾಸವನ್ನು ಹತ್ತಿರದ ವಯಲ್ ಅಳತೆಗೆ ಸರಿಹೊಂದಿಸುವ ಕ್ರಮ ಇದೆ. 108ನ್ನು 100ಕ್ಕೆ ಇಳಿಸಿದರೆ ಶೇಕಡ 7.4 ಕಡಿಮೆ. ನಮ್ಮ ಡಾಕ್ಟರು ಫೈಲು ನೋಡಿ, ಸ್ವಲ್ಪ ಯೋಚಿಸಿ, ‘ಆಗಬಹುದು ಮೇಡಂ’ ಎಂದರು. ಅಲ್ಲಿಗೆ ವರ್ಷಕ್ಕೆ 17 ವಯಲ್, 34 ಲಕ್ಷ. ತೂಕ 56 ಆದರೆ ಬೇಕಾದದ್ದು 112, ಆಗ 100ಕ್ಕೆ ಇಳಿಸಿದರೆ ಶೇಕಡ ಹತ್ತನ್ನು ಮೀರುತ್ತದೆ. ಹಾಗಾಗಿ ಪ್ರತಿ ಡೋಸಿಗೂ ಮೊದಲು ತೂಕ ಹಾಕಿಸಿ, ಬರೆಸಿ, ಮತ್ತೆ ಕೇಳಿ. ಇದು ಡಾಕ್ಟರೇ ತೀರ್ಮಾನಿಸಬೇಕಾದ ವಿಷಯ. ಆದರೆ ನಾವು ಕೇಳದಿದ್ದರೆ ಆ ಮಾತೇ ಏಳುವುದಿಲ್ಲ. ತಲೆ–ಕುತ್ತಿಗೆ ಕ್ಯಾನ್ಸರಿಗೆ ಮುಂಬೈಯ ಟಾಟಾ ಮೆಮೋರಿಯಲ್‌ನವರು ಬೇರೆ ಔಷಧಿಗಳ ಜೊತೆ ಇದೇ ಜಾತಿಯ ನಿವೊಲುಮ್ಯಾಬ್ ಬರೀ 20 ಮಿ.ಗ್ರಾಂ ಕೊಟ್ಟು ಒಳ್ಳೆಯ ಫಲ ತೋರಿಸಿದ್ದಾರೆ. ಅದನ್ನು ಹಾಗೆಯೇ ತಂದು ಮೆಲನೋಮಾಗೆ ಹಚ್ಚಬೇಡಿ.

ವಿಮೆಯ ಕಥೆ ಚಿಕ್ಕದು. ವಿಮಾ ನಿಯಂತ್ರಕ ಐಆರ್‌ಡಿಎಐ ಪಟ್ಟಿ ಮಾಡಿರುವ ಹನ್ನೆರಡು ಆಧುನಿಕ ಚಿಕಿತ್ಸೆಗಳಲ್ಲಿ ಇಂಜೆಕ್ಷನ್ ಮೂಲಕ ಕೊಡುವ ಮೊನೊಕ್ಲೋನಲ್ ಆಂಟಿಬಾಡಿಯೂ ಒಂದು. ಕಂಪನಿ ಕೊಡುವುದಿಲ್ಲ ಎನ್ನುವಂತಿಲ್ಲ, ಆದರೆ ಸಬ್‌ಲಿಮಿಟ್ ಹಾಕಬಹುದು. ನನ್ನದು 10 ಲಕ್ಷದ ಪಾಲಿಸಿ, ಈ ಚಿಕಿತ್ಸೆಗೆ ಅದರಲ್ಲಿ ಅರ್ಧ ಮಾತ್ರ. 5 ಲಕ್ಷ ಎಂದರೆ ಎರಡೂವರೆ ವಯಲ್. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ ಇರುವ ಮಿತಿಯೂ ಇದೇ 5 ಲಕ್ಷ. ಪೆಂಬ್ರೊಲಿಜುಮ್ಯಾಬ್ ಮೇಲಿನ ಜಿಎಸ್‌ಟಿಯನ್ನು 2021ರಲ್ಲಿ 5%ಗೆ ಇಳಿಸಿದರು, 2023ರಲ್ಲಿ ಮೂಲ ಕಸ್ಟಮ್ಸ್ ಸುಂಕವನ್ನೇ ತೆಗೆದರು. ಅಷ್ಟಾದ ಮೇಲಿನ ಬೆಲೆ ಇದು. ಸೈಟು ಇಲ್ಲದವರು ಏನು ಮಾಡಬೇಕು ಎಂದು ಯೋಚಿಸಿದರೆ ನನಗೆ ಸಿಟ್ಟು ಬರುತ್ತದೆ.

ಸೈಟಿನ ದುಡ್ಡನ್ನು ನಾನು ಮೂರು ಪಾಲು ಮಾಡಿದೆ. ಎರಡು ಪಾಲು ವಯಲ್‌ಗೆ. ಮೂರನೆಯದನ್ನು ಮುಟ್ಟಬಾರದು ಎಂದು ನಮ್ಮವರಿಂದ ಮಾತು ತೆಗೆದುಕೊಂಡೆ. ಅದು ಔಷಧಿಯಿಂದಲೇ ಆಗುವ ತೊಂದರೆಗೆ. ಕೀಮೋದಂತೆ ಕೂದಲು ಉದುರಿ ಮತ್ತೆ ಬರುವ ತೊಂದರೆಯಲ್ಲ ಇದು. ದೇಹದ ರಕ್ಷಣಾ ವ್ಯವಸ್ಥೆಗೆ ಹಾಕಿದ್ದ ಕಡಿವಾಣ ತೆಗೆಯುವ ಔಷಧಿ, ಬಿಚ್ಚಿಕೊಂಡದ್ದು ಗಡ್ಡೆಯನ್ನಷ್ಟೇ ಹುಡುಕಿಕೊಂಡು ಹೋಗುವುದಿಲ್ಲ. ನನಗೆ ಮೊದಲು ಸಿಕ್ಕಿದ್ದು ಥೈರಾಯ್ಡ್. ಅದು ಅಗ್ಗದ ಕಾಯಿಲೆ, ದಿನಕ್ಕೊಂದು ಮಾತ್ರೆ. ಆಮೇಲೆ ಕೈ ಮೇಲೆ ತೊನ್ನಿನಂಥ ಬಿಳಿ ಕಲೆ. ನೆಂಟರು ಮಗಳ ಸಂಬಂಧದ ಬಗ್ಗೆ ಪಿಸುಗುಟ್ಟಿದರು, ಡಾಕ್ಟರು ಮಾತ್ರ ಸಂತೋಷಪಟ್ಟರು, ಮೆಲನೋಮಾದಲ್ಲಿ ಅದು ಔಷಧಿ ಹಿಡಿಯುತ್ತಿರುವ ಲಕ್ಷಣವೂ ಹೌದಂತೆ. ಅದಾದ ಮೇಲೆ ಕೊಲೈಟಿಸ್, ದೊಡ್ಡಕರುಳಿನ ಉರಿಯೂತ.

ಕೊಲೈಟಿಸ್ ಎಂದರೆ ಭೇದಿ ಅಂದುಕೊಂಡವರಿಗೆ ಬಿಲ್ಲು ತೋರಿಸಬೇಕು. ದಿನದ ವಾಡಿಕೆಗಿಂತ ನಾಲ್ಕರಿಂದ ಆರು ಸಲ ಹೆಚ್ಚು ಹೋದರೆ ಗ್ರೇಡ್ 2, ಏಳು ಮುಟ್ಟಿದರೆ ಗ್ರೇಡ್ 3. ನನ್ನನ್ನು ಗ್ರೇಡ್ 3ರಲ್ಲಿ ಸೇರಿಸಿಕೊಂಡರು. ಸ್ಟೀರಾಯ್ಡ್ ಡ್ರಿಪ್, ಸ್ಕೋಪ್, ಅದಕ್ಕೂ ಬಗ್ಗದಿದ್ದಾಗ ಉರಿಯೂತ ತಗ್ಗಿಸುವ ಇನ್‌ಫ್ಲಿಕ್ಸಿಮ್ಯಾಬ್, ಮನೆಗೆ ಬಂದ ಮೇಲೆ ವಾರವಾರ ಸ್ವಲ್ಪಸ್ವಲ್ಪವೇ ಇಳಿಸುವ ಪ್ರೆಡ್ನಿಸೋಲೋನ್, ಅದರಿಂದ ಏರಿದ ಶುಗರ್, ಅದಕ್ಕೆ ಇನ್ನೊಬ್ಬ ಡಾಕ್ಟರು. ಸ್ಟೀರಾಯ್ಡ್ ಇಳಿಯುತ್ತಿದ್ದಂತೆ ಹಾಸಿಗೆಯಿಂದ ಏಳಲಾಗದ ಸುಸ್ತು, ಪರೀಕ್ಷೆ ಮಾಡಿದರೆ ದೇಹವೇ ತಯಾರಿಸುವ ಸ್ಟೀರಾಯ್ಡ್ ಆದ ಕಾರ್ಟಿಸಾಲ್ ಪಾತಾಳದಲ್ಲಿ. ಅದರ ಬದಲಿಗೆ ಹೈಡ್ರೊಕಾರ್ಟಿಸೋನ್ ಮಾತ್ರೆ ಇನ್ನು ಜೀವನಪೂರ್ತಿ. ಜ್ವರ ಬಂದರೆ ಎರಡರಷ್ಟು ನುಂಗಬೇಕು, ವಾಂತಿಯಾದರೆ ಇಂಜೆಕ್ಷನ್ನಿಗೆ ಓಡಬೇಕು. ಮೂರನೇ ಪಾಲು ಕರಗತೊಡಗಿದ್ದು ಇಲ್ಲಿ.

ಆಗ ಡಾಕ್ಟರು ಕೇಳಿದರು: ಔಷಧಿ ಮತ್ತೆ ಶುರು ಮಾಡೋಣವೇ, ಇಲ್ಲಿಗೆ ನಿಲ್ಲಿಸಿ ಸ್ಕ್ಯಾನಿನಲ್ಲಿ ಕಾಯೋಣವೇ? ಗಂಟುಗಳು ಕುಗ್ಗಿದ್ದವು. ನಮ್ಮಣ್ಣ ‘ಸೈಟು ಮಾರಿದ್ದೇ ಇದಕ್ಕಲ್ಲವೇನೇ, ಈಗ ನಿಲ್ಲಿಸ್ತೀಯಾ?’ ಎಂದ. ಮಾರಿ ಬಂದ ದುಡ್ಡನ್ನು ವಯಲ್‌ಗೇ ಸುರಿದರೆ ಸೈಟಿಗೆ ನ್ಯಾಯವಾಗುತ್ತದೆ ಎನ್ನುವ ಲೆಕ್ಕ ಎಷ್ಟೋ ಮನೆಗಳಲ್ಲಿ ನಡೆಯುತ್ತದೆ, ಅದು ರೋಗಿಯ ಮೇಲೆ ಹೇರುವ ಭಾರ. ನಿವೊಲುಮ್ಯಾಬ್ ಮತ್ತು ಇಪಿಲಿಮುಮ್ಯಾಬ್ ಜೋಡಿಯಾಗಿ ಪಡೆದ ಮೆಲನೋಮಾ ರೋಗಿಗಳಲ್ಲಿ, ಅಡ್ಡಪರಿಣಾಮದಿಂದಾಗಿ ಆರಂಭದಲ್ಲೇ ನಿಲ್ಲಿಸಿದವರ ಆಯುಷ್ಯ ಮುಂದುವರಿಸಿದವರಿಗಿಂತ ಕಡಿಮೆಯಾಗಿರಲಿಲ್ಲ ಎಂದು 2017ರ ಒಂದು ವಿಶ್ಲೇಷಣೆ ಹೇಳುತ್ತದೆ. ನನ್ನ ಔಷಧಿ ಬೇರೆ. ಅಂಗಾಲಿನ ಮೆಲನೋಮಾದಲ್ಲಿ ಈ ಚಿಕಿತ್ಸೆಯ ಫಲವೂ ಕಡಿಮೆ. ಎರಡನ್ನೂ ಡಾಕ್ಟರು ಬಿಡಿಸಿ ಹೇಳಿದರು. ಕೇಳಿಸಿಕೊಂಡು ನಿಲ್ಲಿಸಿದೆ.

ನಿಲ್ಲಿಸಿದರೆ ಖರ್ಚು ನಿಂತಿತು ಅಂದುಕೊಳ್ಳಬೇಡಿ, ಅದು ಜಾಗ ಬದಲಿಸುತ್ತದೆ. ಡ್ರಿಪ್ ನಡೆಯುತ್ತಿದ್ದಾಗ ಪ್ರತಿ ಡೇ ಕೇರ್ ದಾಖಲಾತಿಯ ಹಿಂದುಮುಂದಿನ ರಕ್ತಪರೀಕ್ಷೆ, ಸ್ಕ್ಯಾನ್ ಬಿಲ್ಲುಗಳನ್ನು ಪಾಲಿಸಿಯಲ್ಲಿ ಕ್ಲೇಮ್ ಮಾಡುತ್ತಿದ್ದೆ. ದಾಖಲಾತಿಯೇ ಇಲ್ಲವೆಂದ ಮೇಲೆ ಟಿಎಸ್‌ಎಚ್, ಲಿವರ್, ಶುಗರ್, ಪೆಟ್ ಸಿಟಿ, ಎಂಡೊಕ್ರೈನಾಲಜಿಸ್ಟರ ಫೀಸು, ಬೆಂಗಳೂರಿನ ಓಡಾಟ ಎಲ್ಲವೂ ಒಪಿಡಿ, ಎಲ್ಲವೂ ಕೈಯಿಂದ. ಅಡ್ಡಪರಿಣಾಮ ಔಷಧಿ ನಿಂತು ತಿಂಗಳುಗಳಾದ ಮೇಲೂ ತಲೆಯೆತ್ತಬಹುದು.

ಈ ಹೊತ್ತಿಗೆ ಹಾಸ್ಪಿಟಲ್ ಕ್ಯಾಶ್ ಪಾಲಿಸಿ ಮಾರುವವರು ಫೋನ್ ಮಾಡುತ್ತಾರೆ. ಆಸ್ಪತ್ರೆಯಲ್ಲಿದ್ದ ದಿನಕ್ಕೆ ಇಷ್ಟು ಸಾವಿರ ಎನ್ನುತ್ತಾರೆ. ಸಾಮಾನ್ಯವಾಗಿ 24 ಗಂಟೆ ದಾಖಲಾಗಿರಬೇಕು. ಪೆಂಬ್ರೊಲಿಜುಮ್ಯಾಬ್ ಡ್ರಿಪ್ ಹನಿಯುವುದು ಅರ್ಧ ಗಂಟೆ. ಹೊಸ ಚಿಕಿತ್ಸೆಗಳೆಲ್ಲ ಡೇ ಕೇರ್‌ಗೆ ಸರಿಯುತ್ತಿರುವ ಕಾಲದಲ್ಲಿ ಇದನ್ನು ಮಾರುವುದೇ ತಪ್ಪು. ಕಟ್ಟುತ್ತಿದ್ದರೆ ಬಿಡಿ. ಆ ಪ್ರೀಮಿಯಂ ಅನ್ನು ಸಬ್‌ಲಿಮಿಟ್ ಇಲ್ಲದ ಪಾಲಿಸಿಗೋ, ರೋಗ ಪತ್ತೆಯಾದಾಗ ಒಟ್ಟಿಗೆ ಹಣ ಕೊಡುವ ಕ್ರಿಟಿಕಲ್ ಇಲ್‌ನೆಸ್ ಪಾಲಿಸಿಗೋ ಹಾಕಿ. ಒಪಿಡಿಗೆ ಉಪಯೋಗಕ್ಕೆ ಬರುವುದು ಆ ಎರಡನೆಯ ಹಣ ಮಾತ್ರ. ಆದರೆ ಹೊರಚರ್ಮವನ್ನು ದಾಟಿ ಇಳಿಯದ ಮೆಲನೋಮಾಗೆ ಅದರಲ್ಲೂ ಹಣವಿಲ್ಲ, ಷರತ್ತು ಓದಿ.

ದುಡ್ಡು ಉಳಿಸುವ ಕೆಲಸ ಮನೆಯಲ್ಲಿಯೇ ಇದೆ. ಎಷ್ಟು ಸಲ ಹೋದಿರಿ ಎಂದು ಬರೆದಿಡಿ, ನಾಚಿಕೆ ಬೇಡ. ಮೆಡಿಕಲ್ ಶಾಪಿನಿಂದ ಭೇದಿ ಮಾತ್ರೆ ತಂದು ನುಂಗಿ ಸುಮ್ಮನಾಗಬೇಡಿ. ಕೆಮ್ಮು, ಉಸಿರು ಕಟ್ಟುವುದು, ಎದೆನೋವು, ತಡೆಯಲಾಗದ ಬಾಯಾರಿಕೆ, ಯಾವುದೇ ಆದರೂ ಅದೇ ದಿನ ಫೋನ್ ಮಾಡಿ. ಗ್ರೇಡ್ 1ರಲ್ಲಿ ಮಾಡಿದ ಫೋನಿಗೂ ಗ್ರೇಡ್ 3ರ ಐಸಿಯುಗೂ ನಡುವಿನ ಅಂತರ ಲಕ್ಷಗಳದ್ದು, ಕೆಲವೊಮ್ಮೆ ಜೀವದ್ದು. ಊರಿನ ಡಾಕ್ಟರ ಹತ್ತಿರ ಹೋದರೂ ‘ನಾನು ಇಮ್ಯುನೋಥೆರಪಿ ತಗೊಂಡಿದ್ದೇನೆ, ಸ್ಟೀರಾಯ್ಡ್ ಮೇಲಿದ್ದೇನೆ’ ಎಂಬುದನ್ನೇ ಮೊದಲು ಹೇಳಿ. ಆ ಚೀಟಿ ನನ್ನ ಪರ್ಸಿನಲ್ಲಿ ಆಧಾರ್ ಕಾರ್ಡಿನ ಪಕ್ಕದಲ್ಲಿದೆ.

ವಯಲ್‌ಗೆಂದು ಇಟ್ಟು ಉಳಿದ ಹಣವನ್ನು ಮೂರು ಮೂರು ತಿಂಗಳಿಗೆ ಒಂದೊಂದು ಕೈಗೆ ಬರುವಂತೆ ಸಣ್ಣ ಸಣ್ಣ ಎಫ್‌ಡಿ ಮಾಡಿದ್ದೇವೆ. ಇಬ್ಬರ ಹೆಸರಿನಲ್ಲಿ, ಐದರ್ ಆರ್ ಸರ್ವೈವರ್, ನಾಮಿನಿ ಮಗಳು. ಸ್ಕ್ಯಾನ್ ಚೆನ್ನಾಗಿ ಬಂದರೆ ಪೆಟ್ ಸಿಟಿಯ ಖರ್ಚು ಕಳೆದು ಉಳಿದದ್ದು ಅವಳ ಇಂಜಿನಿಯರಿಂಗ್ ಫೀಸಿಗೆ. ರೋಗ ಮತ್ತೆ ಎದ್ದರೆ ಹಳೆಯ ವಯಲ್ ಲೆಕ್ಕ ಇದೆ, ಈಗಿನ ತೂಕ ಹಾಕಿ ಹೊಸದಾಗಿ ಗುಣಿಸಬೇಕು.