ಗೃಹಸ್ಥನ ಆಪದ್ಧನ

ನಾಳೆಗೆಂದು ಕೂಡಿಡುವುದು ಶರಣಮಾರ್ಗಕ್ಕೆ ವಿರುದ್ಧವಲ್ಲವೇ ಎಂದು ಅನೇಕ ಸದ್ಭಕ್ತರು ಸಂದೇಹಪಡುವುದುಂಟು. ಹೊನ್ನು, ವಸ್ತ್ರ, ಅನ್ನಗಳಲ್ಲಿ ಯಾವುದನ್ನೂ ಮರುದಿನಕ್ಕೆ ತಾವು ಬಯಸುವುದಿಲ್ಲವೆಂದು ಬಸವಣ್ಣನವರು ಆಣೆಯಿಟ್ಟು ನುಡಿದಿರುವುದು ನಿಜ. ಆದರೆ ಹಾಗೆ ನುಡಿದವರು ಬಿಜ್ಜಳನ ಭಂಡಾರಿಗಳೆಂಬುದನ್ನು ಮರೆಯಲಾಗದು. ಪರರ ಧನವು ಕೈಯಲ್ಲಿರುವಾಗ ಅದರಲ್ಲಿ ತನಗೊಂದು ಪಾಲನ್ನು ತೆಗೆದಿರಿಸುವ ಆಸೆಯ ನಿರಾಕರಣೆಯೇ ಅಲ್ಲಿ ಮುಖ್ಯಾರ್ಥವೆಂದು ನಮಗೆ ತೋರುತ್ತದೆ. ಸತ್ಯಶುದ್ಧ ಕಾಯಕದಿಂದ ಬಂದುದರಲ್ಲಿ ಮಕ್ಕಳ ವ್ಯಾಧಿಕಾಲಕ್ಕೆಂದು ಕೊಂಚ ಉಳಿಸಿದ ಬಡ ಗೃಹಸ್ಥನನ್ನು ಆ ಮಾತಿನಿಂದ ದೂಷಿಸುವುದು ಸರಿಯಲ್ಲ.

ಇಲ್ಲದುದನ್ನು ಪಡೆಯುವುದು ಯೋಗ, ಪಡೆದುದನ್ನು ಕಾಯುವುದು ಕ್ಷೇಮವೆಂದು ಶಾಸ್ತ್ರಜ್ಞರು ಅರ್ಥ ಹೇಳುತ್ತಾರೆ. ಈ ಕ್ಷೇಮವು ಲೋಭವಾಗುವುದು ಎಲ್ಲಿ? ಅಳತೆ ತಪ್ಪಿದಲ್ಲಿ.

ಆಯ್ದಕ್ಕಿ ಮಾರಯ್ಯನವರು ಮಹಾಮನೆಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಕಾಯಕದವರು. ಒಂದು ದಿನ ವಾಡಿಕೆಗಿಂತ ಹೆಚ್ಚು ತಂದಾಗ ಲಕ್ಕಮ್ಮನವರು ಒಪ್ಪಲಿಲ್ಲ. ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಹೇಳಿದರು. ಮನೆಗೆ ಎಷ್ಟು ಬೇಕೆಂಬ ಅಳತೆಯು ಆ ತಾಯಿಗೆ ನಿಶ್ಚಯವಾಗಿ ತಿಳಿದಿದ್ದಿತು. ನಮ್ಮಲ್ಲಿ ಎಷ್ಟು ಮಂದಿಗೆ ಅದು ತಿಳಿದಿದೆ?

ಆದುದರಿಂದ ಮೊದಲು ಲೆಕ್ಕ ಬರೆಯಬೇಕು. ಧಾನ್ಯ, ಹಾಲು, ಬಾಡಿಗೆ, ಔಷಧ, ಶಾಲೆಯ ಶುಲ್ಕ, ಸಾಲದ ಕಂತು, ಇಷ್ಟನ್ನೇ ಹಿಡಿಯಬೇಕು. ಕಂತನ್ನು ಬಿಡಬಾರದು, ಏಕೆಂದರೆ ಕಾಯಿಲೆ ಬಂದಿತೆಂದು ಸಾಲಿಗನು ಕಾಯುವುದಿಲ್ಲ. ಜಾತ್ರೆ, ಹೊಸಬಟ್ಟೆಗಳು ಈ ಲೆಕ್ಕಕ್ಕೆ ಬಾರವು. ತಿಂಗಳಿಗೆ 15,000 ರೂಪಾಯಿ ಆಯಿತೆನ್ನೋಣ. ಖಾಯಂ ಸಂಬಳದವನಿಗೆ ಮೂರು ತಿಂಗಳ 45,000 ಸಾಕಾಗಬಹುದು. ಕಿರುಕುಳ ವ್ಯಾಪಾರಿಗೂ ಒಬ್ಬನೇ ದುಡಿಯುವ ಮನೆಗೂ ಆರು ತಿಂಗಳ 90,000 ಬೇಕು. ಮಳೆಯನ್ನು ನಂಬಿದ ಒಕ್ಕಲಿಗನಿಗೆ ತಿಂಗಳ ಲೆಕ್ಕವೇ ಹೊಂದದು. ಒಂದು ಬೆಳೆ ಹೋದರೆ ಮುಂದಿನ ಬೆಳೆಯವರೆಗೆ ಉಣ್ಣುವ ಜೋಳ, ಬಿತ್ತುವ ಬೀಜ, ದನಗಳ ಮೇವು, ಇವೇ ಅವನ ಅಳತೆ. ನಮ್ಮ ಹಿರಿಯರು ಹಗೇವುಗಳಲ್ಲಿ ಜೋಳ ತುಂಬಿಡುತ್ತಿದ್ದುದು ಲೋಭದಿಂದಲ್ಲ.

ಈ ಹಣವು ಬೇಕೆಂದ ದಿನ ಕೈಗೆ ಬರುವಂತಿರಬೇಕು. ಒಡವೆಯನ್ನು ಒತ್ತೆಯಿಟ್ಟರೆ ಬಡ್ಡಿ ತೆರಬೇಕು. ಬ್ಯಾಂಕಿನ ಠೇವಣಿಗೆ, ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ ಬಡ್ಡಿಯೂ ಸೇರಿ 5 ಲಕ್ಷ ರೂಪಾಯಿಯವರೆಗೆ ವಿಮೆಯ ರಕ್ಷೆಯು 2020ರಿಂದ ಇದೆ. ಸಹಕಾರಿ ಬ್ಯಾಂಕುಗಳಿಗೂ ಇದು ಅನ್ವಯಿಸುತ್ತದೆ. ಪತ್ತಿನ ಸಹಕಾರ ಸಂಘಗಳಿಗಾದರೋ ಈ ರಕ್ಷೆಯಿಲ್ಲ. ಸಂಘದ ಅಧ್ಯಕ್ಷರು ನಮ್ಮವರೇ, ಬಡ್ಡಿಯೂ ಹೆಚ್ಚು ಎಂದು ಆಪದ್ಧನವೆಲ್ಲವನ್ನೂ ಅಲ್ಲಿಡುವ ಭಕ್ತರು ಇದನ್ನು ಗಮನಿಸಬೇಕು.

ಅಳತೆ ತುಂಬುವ ತನಕ ದಾಸೋಹವನ್ನು ನಿಲ್ಲಿಸಬಹುದೇ? ಕೂಡದು. ಮುಷ್ಟಿಯಷ್ಟಾದರೂ ನಡೆಯುತ್ತಲೇ ಇರಲಿ. ತುಂಬಿದ ಮೇಲಿನ ಹೆಚ್ಚಿನದು ದಾಸೋಹಕ್ಕೆ ಸಲ್ಲಲಿ. ಮಗಳ ಲಗ್ನವು ಆಪತ್ತಲ್ಲ. ಅದಕ್ಕೆ ಬೇರೆ ಗಂಟು ಬೇಕು. ಆಪತ್ತಿನಲ್ಲಿ ತೆಗೆದುದನ್ನು ಮುಂದಿನ ತಿಂಗಳಿಂದಲೇ ಸ್ವಲ್ಪಸ್ವಲ್ಪವಾಗಿ ತುಂಬುತ್ತ ಬರಬೇಕು.

ಇನ್ನೊಂದು ಮಾತು. ಎಷ್ಟೋ ಮನೆಗಳಲ್ಲಿ ಪಾಸುಪುಸ್ತಕವು ಎಲ್ಲಿದೆಯೆಂದು ಯಜಮಾನನಿಗೆ ಮಾತ್ರ ಗೊತ್ತು. ಅವನೇ ಹಾಸಿಗೆ ಹಿಡಿದ ದಿನ ಮನೆಯವಳು ನೆರೆಯವರ ಬಾಗಿಲಿಗೆ ಹೋಗಬೇಕಾಗುತ್ತದೆ. ಖಾತೆಯು ಇಬ್ಬರ ಹೆಸರಿನಲ್ಲಿಯೂ ಇರಲಿ. ಲೆಕ್ಕ ಬರೆಯಲು ಕುಳಿತಾಗ ಅವಳನ್ನೇ ಮೊದಲು ಕೇಳಿರಿ.