ದೀಪ ಬೆಳಗಿದ ಮೇಲೆ, ಗಾಲಿ ಕದಲುವ ಮುನ್ನ

ಕಾರಹುಣ್ಣಿಮೆಯ ದಿನ ರೋಣ, ನರಗುಂದ, ಗಜೇಂದ್ರಗಡದ ಸೀಮೆಯಲ್ಲಿ ಕರಿ ಹರಿಯುವುದನ್ನು ಕಾಣದವರು ವಿರಳ. ಸಿಂಗರಿಸಿದ ಎತ್ತುಗಳನ್ನು ಓಡಿಸಿ, ಅಗಸಿಯಲ್ಲಿ ಕಟ್ಟಿದ ಕರಿಯನ್ನು ಬಿಳಿಯ ಎತ್ತು ಮೊದಲು ಹರಿದರೆ ಹಿಂಗಾರಿ ಚೆನ್ನು, ಕೆಂದೆತ್ತು ಹರಿದರೆ ಮುಂಗಾರಿ ಚೆನ್ನು ಎಂದು ನಂಬುವುದು ವಾಡಿಕೆ. ಅಲ್ಲಿ ಎಲ್ಲರ ದೃಷ್ಟಿಯೂ ಓಟದ ಕೊನೆಯ ಮೇಲೆ ನೆಟ್ಟಿರುತ್ತದೆ. ಎತ್ತು ಎಂದು ಕದಲಿತು, ಹುರಿದುಂಬಿಸಿದ ಎಷ್ಟು ಹೊತ್ತಿಗೆ ಕದಲಿತು ಎಂಬುದನ್ನು ಯಾರೂ ಅಳೆಯುವುದಿಲ್ಲ. ಆದರೆ ಓಟದ ಕೊನೆಯನ್ನು ಮಾತ್ರವಲ್ಲದೆ ಮೊದಲನ್ನೂ ಸೆಕೆಂಡಿನ ಸಾವಿರದ ಒಂದು ಪಾಲಿನವರೆಗೆ ಅಳೆಯುವ ಪಂದ್ಯವೊಂದುಂಟು. ಅದೇ ಡ್ರ್ಯಾಗ್ ರೇಸ್ ಎಂಬ ಮೋಟಾರು ಪಂದ್ಯ. ಆ ಅಳತೆಯಲ್ಲಿ ಅಡಗಿರುವ ಭೌತವಿಜ್ಞಾನವು ನಮ್ಮ ಊರ ರಸ್ತೆಗಳಲ್ಲಿ ವಾಹನ ನಡೆಸುವವರಿಗೂ ಪ್ರಯೋಜನಕರವಾದುದು.

ಈ ಪಂದ್ಯದಲ್ಲಿ ಎರಡು ಕಾರುಗಳು ಅಕ್ಕಪಕ್ಕ ನಿಂತು, ನೇರವಾದ ಹಾದಿಯಲ್ಲಿ ಸಾಮಾನ್ಯವಾಗಿ ಕಾಲು ಮೈಲು, ಎಂದರೆ 402 ಮೀಟರು ಓಡುತ್ತವೆ. ಅಮೆರಿಕದಲ್ಲಿ ಇದಕ್ಕೊಂದು ರಾಷ್ಟ್ರೀಯ ಸಂಘವು 1951ರಲ್ಲಿ ಸ್ಥಾಪಿತವಾಯಿತು. ಬಾವುಟ ಬೀಸಿ ಓಟವನ್ನು ಆರಂಭಿಸುವ ಪದ್ಧತಿ ಹೋಗಿ, 1963ರಲ್ಲಿ ಬಣ್ಣದ ದೀಪಗಳ ಕಂಬವು ಬಳಕೆಗೆ ಬಂತು. ಅದನ್ನು ‘ಕ್ರಿಸ್ಮಸ್ ಮರ’ ಎಂದು ಕರೆಯುತ್ತಾರೆ. ಒಂದು ಪದ್ಧತಿಯಲ್ಲಿ ಮೂರು ಹಳದಿ ದೀಪಗಳು ಅರ್ಧರ್ಧ ಸೆಕೆಂಡಿನ ಅಂತರದಲ್ಲಿ ಬೆಳಗಿ, ಕೊನೆಯದಾದ ಅರ್ಧ ಸೆಕೆಂಡಿಗೆ ಹಸಿರು ಬೆಳಗುತ್ತದೆ. ಇನ್ನೊಂದರಲ್ಲಿ ಮೂರು ಹಳದಿ ದೀಪಗಳೂ ಒಮ್ಮೆಲೇ ಬೆಳಗಿ, 0.4 ಸೆಕೆಂಡಿನ ಬಳಿಕ ಹಸಿರು ಬರುತ್ತದೆ. ಹಸಿರಿಗಿಂತ ಮೊದಲೇ ಹೊರಟ ಕಾರಿಗೆ ಕೆಂಪು ದೀಪ, ಅದು ಸೋತಂತೆಯೇ.

ಕಾರು ಹೊರಟಿತೆಂದು ನಿರ್ಣಯಿಸುವುದು ಹೇಗೆ? ಹಾದಿಗೆ ಅಡ್ಡವಾಗಿ, ನೆಲಕ್ಕೆ ಸಮೀಪದಲ್ಲಿ ಬೆಳಕಿನ ಕಿರಣವೊಂದನ್ನು ಹಾಯಿಸಿರುತ್ತಾರೆ. ನಿಂತ ಕಾರಿನ ಮುಂದಿನ ಗಾಲಿ ಅದನ್ನು ಮರೆಮಾಡಿರುತ್ತದೆ. ಗಾಲಿ ಉರುಳಿ ಕಿರಣವು ಮತ್ತೆ ತೆರೆದ ಕ್ಷಣವೇ ಹೊರಟ ಕ್ಷಣ. ಹಸಿರು ಬೆಳಗಿದ ಕ್ಷಣಕ್ಕೂ ಇದಕ್ಕೂ ಇರುವ ಅಂತರವನ್ನು ಫಲಕದಲ್ಲಿ ‘ಪ್ರತಿಕ್ರಿಯಾಕಾಲ’ ಎಂದು ತೋರಿಸುತ್ತಾರೆ. ಹೆಸರು ಕೇಳಿದರೆ ಇದು ಚಾಲಕನ ಚುರುಕಿನ ಅಳತೆ ಎನಿಸುತ್ತದೆ. ವಸ್ತುತಃ ಇದರಲ್ಲಿ ಎರಡು ಪಾಲುಗಳಿವೆ: ಒಂದು ಮನುಷ್ಯನದು, ಇನ್ನೊಂದು ಯಂತ್ರದ್ದು.

ಮೊದಲು ಮನುಷ್ಯನ ಪಾಲನ್ನು ನೋಡೋಣ. ನರದಲ್ಲಿ ಸಂದೇಶವು ಕ್ಷಣಮಾತ್ರದಲ್ಲಿ ಹರಿಯುತ್ತದೆಂಬ ಭಾವನೆ ಹಿಂದೆ ಇತ್ತು. ಜರ್ಮನಿಯ ಹೆಲ್ಮ್‌ಹೋಲ್ಟ್ಸ್ 1850ರಲ್ಲಿ ಕಪ್ಪೆಯ ನರದ ಮೇಲೆ ಪ್ರಯೋಗ ನಡೆಸಿ, ಆ ವೇಗವು ಸೆಕೆಂಡಿಗೆ ಸುಮಾರು 27 ಮೀಟರು ಮಾತ್ರವೆಂದು ಕಂಡುಕೊಂಡನು. ಕಣ್ಣು ಕಂಡುದನ್ನು ಮಿದುಳು ಅರಿತು, ಕೈಕಾಲಿಗೆ ಅಪ್ಪಣೆ ಕೊಡಲು ಕಾಲ ಬೇಕೇ ಬೇಕು. ಅದನ್ನು ವಾಚಕರು ಮನೆಯಲ್ಲಿಯೇ ಅಳೆಯಬಹುದು. ಗೆಳೆಯನೊಬ್ಬನು 30 ಸೆಂಟಿಮೀಟರಿನ ಅಳತೆಪಟ್ಟಿಯನ್ನು ಲಂಬವಾಗಿ ಹಿಡಿಯಲಿ. ಅದರ ಸೊನ್ನೆಯ ಗೆರೆಯ ಬಳಿ ನಿಮ್ಮ ಹೆಬ್ಬೆರಳು ಮತ್ತು ತೋರುಬೆರಳು ತಾಗದಂತೆ ಕಾದಿರಲಿ. ಸೂಚನೆ ಕೊಡದೆ ಅವನು ಪಟ್ಟಿಯನ್ನು ಬಿಟ್ಟೊಡನೆ ಹಿಡಿಯಿರಿ. ಪಟ್ಟಿ ಬಿದ್ದ ದೂರವನ್ನು ಎರಡರಿಂದ ಗುಣಿಸಿ, ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ, ವರ್ಗಮೂಲ ತೆಗೆದರೆ ಕಾಲ ದೊರೆಯುತ್ತದೆ. 15 ಸೆಂ.ಮೀ. ಬಿದ್ದರೆ 0.175 ಸೆಕೆಂಡು, 20 ಸೆಂ.ಮೀ. ಬಿದ್ದರೆ 0.20 ಸೆಕೆಂಡು, 25 ಸೆಂ.ಮೀ. ಬಿದ್ದರೆ 0.23 ಸೆಕೆಂಡು. ಹತ್ತು ಸಲ ಮಾಡಿ ಸರಾಸರಿ ತೆಗೆಯುವುದು ಒಳ್ಳೆಯದು. ಅಭ್ಯಾಸದಿಂದ ಈ ಕಾಲ ಸ್ವಲ್ಪ ಇಳಿದೀತು, ಆದರೆ ಸೊನ್ನೆಯಾಗದು.

ಇನ್ನು ಯಂತ್ರದ ಪಾಲು. ಗಾಲಿಯ ತ್ರಿಜ್ಯ 30 ಸೆಂ.ಮೀ., ಕಿರಣದ ಎತ್ತರ 4 ಸೆಂ.ಮೀ. ಎಂದಿಟ್ಟುಕೊಳ್ಳೋಣ. ಆ ಎತ್ತರದಲ್ಲಿ ಗಾಲಿಯನ್ನು ಅಡ್ಡಲಾಗಿ ಕೊಯ್ದರೆ ದೊರೆಯುವ ಜ್ಯಾ ರೇಖೆಯ ಉದ್ದವು ರೇಖಾಗಣಿತದ ಪ್ರಕಾರ ಸುಮಾರು 30 ಸೆಂ.ಮೀ. ಗಾಲಿಯ ಮುಂಭಾಗವು ಕಿರಣಕ್ಕೆ ಈಗತಾನೆ ತಾಗಿದಂತೆ ಕಾರನ್ನು ನಿಲ್ಲಿಸಿದರೆ, ಅದು 30 ಸೆಂ.ಮೀ. ಉರುಳಿದ ಹೊರತು ಕಿರಣ ತೆರೆಯದು. ಕಾರಿನ ವೇಗೋತ್ಕರ್ಷವು ಸೆಕೆಂಡಿಗೆ ಸೆಕೆಂಡಿಗೆ 10 ಮೀಟರು ಎಂದುಕೊಂಡರೆ, ಇದಕ್ಕೆ 0.245 ಸೆಕೆಂಡು ಹಿಡಿಯುತ್ತದೆ. ಚಾಲಕನದು 0.20 ಸೆಕೆಂಡು; ಒಟ್ಟು 0.445. ಮೂರೂ ಹಳದಿ ಒಮ್ಮೆಲೇ ಬೆಳಗುವ ಪದ್ಧತಿಯಲ್ಲಿ ಇವನು ಹಸಿರಿನ ಬಳಿಕ 0.045 ಸೆಕೆಂಡಿಗೆ ಹೊರಟನೆಂದು ಫಲಕ ತೋರಿಸುತ್ತದೆ. ಅದೇ ಚಾಲಕನು ಕಾರನ್ನು ಇನ್ನೂ 12 ಸೆಂ.ಮೀ. ಮುಂದೆ ನಿಲ್ಲಿಸಿದರೆ ಉರುಳಬೇಕಾದ ದೂರ 18 ಸೆಂ.ಮೀ.ಗೆ ಇಳಿದು, ಕಾಲ 0.19 ಸೆಕೆಂಡಾಗುತ್ತದೆ. ಈಗ ಒಟ್ಟು 0.39. ಹಸಿರಿಗಿಂತ 0.01 ಸೆಕೆಂಡು ಮೊದಲೇ ಹೊರಟನೆಂದು ಕೆಂಪು ದೀಪ ಬೆಳಗುತ್ತದೆ! ಚಾಲಕನ ನರಗಳಲ್ಲಿ ಯಾವ ಬದಲಾವಣೆಯೂ ಆಗಿಲ್ಲ. ಬದಲಾದದ್ದು ನಿಂತ ಜಾಗ ಮಾತ್ರ.

ಪಂದ್ಯದ ಕಾರನ್ನು ಸಜ್ಜುಗೊಳಿಸುವವರು ಈ ತತ್ತ್ವವನ್ನು ನಾನಾ ಬಗೆಯಲ್ಲಿ ಬಳಸಿಕೊಳ್ಳುತ್ತಾರೆ. ಮುಂದಿನ ಗಾಲಿಯ ತ್ರಿಜ್ಯವನ್ನು 25 ಸೆಂ.ಮೀ.ಗೆ ಇಳಿಸಿದರೆ ಉರುಳುವ ದೂರ 27 ಸೆಂ.ಮೀ.; ಕಾಲ 0.233 ಸೆಕೆಂಡು. ಮುಂದಿನ ಟಾಯರಿನಲ್ಲಿ ಗಾಳಿ ಕಡಿಮೆಯಾದರೆ ಟಾಯರು ತಗ್ಗಿ ಜ್ಯಾ ಉದ್ದವಾಗುತ್ತದೆ, ಕಾಲ ಬೆಳೆಯುತ್ತದೆ. ಗಾಳಿ ತುಂಬಿದರೆ ಕಾಲ ಇಳಿಯುತ್ತದೆ. ಹೊರಡುವಾಗ ಇಂಜಿನ್ನಿನ ಸುತ್ತುಗಳನ್ನು ಏರಿಸಿದರೆ, ಹಿಂದಿನ ಗಾಲಿ ಜಾರದಿದ್ದ ಪಕ್ಷದಲ್ಲಿ, ವೇಗೋತ್ಕರ್ಷ ಹೆಚ್ಚಿ ಕಾಲ ಕುಗ್ಗುತ್ತದೆ. ಮೇಲಿಂದ ಮೇಲೆ ಕೆಂಪು ದೀಪಕ್ಕೆ ಸಿಲುಕುವ ಚುರುಕು ಚಾಲಕನಿಗಾಗಿ ಇವನ್ನೇ ತಿರುವುಮುರುವಾಗಿ ಮಾಡಿ, ಕಾರನ್ನು ಬೇಕೆಂದೇ ನಿಧಾನಗೊಳಿಸುವುದೂ ಉಂಟು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ಕಾರನ್ನು ಮುಂದೆ ನಿಲ್ಲಿಸಿ ಫಲಕದಲ್ಲಿ ಉಳಿಸಿದ 0.055 ಸೆಕೆಂಡು ಗುರಿಯಲ್ಲಿಯೂ ಉಳಿಯುವುದೇ? ಉಳಿಯದು. ಓಟದ ಗಡಿಯಾರವು ಕಿರಣ ತೆರೆದಾಗ ಮೊದಲಾಗುತ್ತದೆ. ಹಿಂದೆ ನಿಂತ ಕಾರು ಆ ಹೊತ್ತಿಗೆ ಸೆಕೆಂಡಿಗೆ 2.45 ಮೀಟರು ವೇಗವನ್ನು ಗಳಿಸಿರುತ್ತದೆ. ಮುಂದೆ ನಿಂತದ್ದು 1.9 ಮೀಟರು ಮಾತ್ರ. ಆದುದರಿಂದ ಮುಂದೆ ನಿಂತ ಕಾರಿಗೆ ಓಟದ ಕಾಲ ಹೆಚ್ಚು ಹಿಡಿಯುತ್ತದೆ. ಒಂದು ಕೈಯಿಂದ ಪಡೆದುದನ್ನು ಇನ್ನೊಂದು ಕೈಯಿಂದ ತೆತ್ತಂತೆ. ಅದಕ್ಕೆ ನಿಜವಾಗಿ ದಕ್ಕಿದ ಲಾಭ 12 ಸೆಂ.ಮೀ. ಹಾದಿ. ಗುರಿಯನ್ನು ಸೆಕೆಂಡಿಗೆ 40 ಮೀಟರು ವೇಗದಲ್ಲಿ ದಾಟುವ ಕಾರಿಗೆ ಇದರ ಬೆಲೆ ಕೇವಲ 0.003 ಸೆಕೆಂಡು. ಆದರೆ ಚಾಲಕನು ತನ್ನ ಎಚ್ಚರದಿಂದ 0.055 ಸೆಕೆಂಡು ಮೊದಲು ಹೊರಟಿದ್ದರೆ, ಆ 0.055 ಸೆಕೆಂಡೂ ಹಾಗೆಯೇ ಗುರಿಯವರೆಗೆ ಉಳಿಯುತ್ತಿತ್ತು. ಕಿರಣವಿರುವ ಜಾಗದ ಲೆಕ್ಕಾಚಾರದಿಂದ ಪಡೆದ ಕಾಲವು ಬಹುಮಟ್ಟಿಗೆ ಫಲಕದ ಕಾಲ; ಎಚ್ಚರದಿಂದ ಪಡೆದದ್ದು ನಿಜವಾದ ಕಾಲ.

ನಮ್ಮ ರಸ್ತೆಗಳಲ್ಲಿ ಕಿರಣವೂ ಇಲ್ಲ, ಫಲಕವೂ ಇಲ್ಲ. ಅಲ್ಲಿ ನಿಜವಾದ ಕಾಲದ ಲೆಕ್ಕ ಮಾತ್ರ ನಡೆಯುತ್ತದೆ. ಹುಬ್ಬಳ್ಳಿ–ವಿಜಯಪುರ ಹೆದ್ದಾರಿ ನರಗುಂದದ ಮೇಲೆ ಹಾಯುತ್ತದೆ. ರೋಣದ ಕಡೆಯ ಎರೆಭೂಮಿಯಲ್ಲಿ ರಸ್ತೆಗಳು ಕಣ್ಣು ಹಾಯುವವರೆಗೆ ನೇರ. ಹುರುಪಿನ ತರುಣರು ಮೋಟಾರ್ ಸೈಕಲ್ಲನ್ನು ವೇಗವಾಗಿ ಬಿಡಲು ಇದೇ ಸಾಕು. ಗಂಟೆಗೆ 60 ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ 16.7 ಮೀಟರು. ಪಂದ್ಯದಲ್ಲಿ ದೀಪವನ್ನೇ ಕಾದು ಕುಳಿತವನಿಗೆ 0.2 ಸೆಕೆಂಡು ಸಾಕಾದರೂ, ರಸ್ತೆಯಲ್ಲಿ ಅನಿರೀಕ್ಷಿತವಾದುದನ್ನು ಕಂಡು, ಅದೇನೆಂದು ಗುರುತಿಸಿ, ಬ್ರೇಕು ಒತ್ತಲು ಒಂದು ಸೆಕೆಂಡೋ ಅದಕ್ಕೂ ಹೆಚ್ಚೋ ಬೇಕು. ಅಷ್ಟರಲ್ಲಿ ಬಂಡಿ 16.7 ಮೀಟರು ಮುಂದೆ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಘರ್ಷಣಾಂಕವು 0.7 ಆದರೆ, ಬ್ರೇಕು ಹಿಡಿದ ಮೇಲೆ ನಿಲ್ಲಲು ಇನ್ನೂ 20 ಮೀಟರು. ಟ್ರ್ಯಾಕ್ಟರಿನ ಗಾಲಿಯಿಂದ ಬಿದ್ದ ಎರೆಮಣ್ಣು ಮಳೆಯಲ್ಲಿ ನೆನೆದಾಗ, ಅಥವಾ ಸುಗ್ಗಿಯಲ್ಲಿ ಒಕ್ಕಲೆಂದು ರಸ್ತೆಯ ಮೇಲೆ ಪೈರನ್ನು ಹರವಿದಾಗ, ಘರ್ಷಣಾಂಕ ಅರ್ಧಕ್ಕೆ ಇಳಿದರೆ 20 ಮೀಟರು 40 ಆಗುತ್ತದೆ. ರಾತ್ರಿ, ಹಿಂದೆ ದೀಪವಿಲ್ಲದ ಉಳ್ಳಾಗಡ್ಡಿಯ ಟ್ರೇಲರು 50 ಮೀಟರು ದೂರದಲ್ಲಿ ಕಣ್ಣಿಗೆ ಬಿದ್ದರೆ, ಲೆಕ್ಕವನ್ನು ವಾಚಕರೇ ಮಾಡಿಕೊಳ್ಳಲಿ.

ಇಲ್ಲಿಯೂ ಯಂತ್ರಕ್ಕೊಂದು ಪಾಲು ಉಂಟು. ಬ್ರೇಕಿನ ತಂತಿ ಸಡಿಲಾಗಿ ಹಿಡಿತವು 0.2 ಸೆಕೆಂಡು ತಡವಾದರೆ, ಅದೇ ವೇಗದಲ್ಲಿ 3.3 ಮೀಟರು ಹೆಚ್ಚು ಹಾದಿ ಬೇಕು. ಸವೆದ ಟಾಯರು ನೀರಿನ ಮೇಲೆ ಮತ್ತಷ್ಟು ಜಾರುತ್ತದೆ. ಇವನ್ನು ಮೆಕ್ಯಾನಿಕನು ಸರಿಪಡಿಸಿಯಾನು. ಆದರೆ ಮೊಬೈಲಿನ ಕಡೆ ತಿರುಗಿದ ಕಣ್ಣಿನ ಎರಡು ಸೆಕೆಂಡುಗಳನ್ನು, ಎಂದರೆ 33 ಮೀಟರುಗಳನ್ನು, ಯಾವ ಮೆಕ್ಯಾನಿಕನೂ ಹಿಂದಕ್ಕೆ ತಂದುಕೊಡಲಾರನು. ಚಾಲಕನು ತನ್ನ ಕೈಯಿಂದಲೇ ಇಳಿಸಬಹುದಾದದ್ದು ಇನ್ನೊಂದಿದೆ, ಅದು ವೇಗ. ವೇಗವನ್ನು ಅರ್ಧ ಮಾಡಿದರೆ ಪ್ರತಿಕ್ರಿಯೆಯಲ್ಲಿ ಸಾಗುವ ದೂರ ಅರ್ಧವಾಗುತ್ತದೆ, ಬ್ರೇಕಿನ ದೂರ ನಾಲ್ಕನೆಯ ಒಂದು ಪಾಲಿಗೆ ಇಳಿಯುತ್ತದೆ.